ಸೊನ್ನೆ ಬಿಟ್ಟು ಏಳದ ಮುಳ್ಳು

“ಅಜ್ಜ, ಮುಳ್ಳು ಏಳ್ತಾನೇ ಇಲ್ಲ,” ಅಂದಳು ಪುಟ್ಟಿ.

ಅಜ್ಜ ಗಾಬರಿಯಿಂದ ಇಂಜಿನ್ ಆಫ್ ಮಾಡಿದರು. ವಯಸ್ಸಿನಲ್ಲಿ ಅವರಿಗಿಂತ ಸ್ವಲ್ಪವೇ ಚಿಕ್ಕದಾದ ಆ ಕಾರಿನಲ್ಲಿ, ಆಯಿಲ್ ಪ್ರೆಶರ್ ತೋರಿಸುವ ಮುಳ್ಳನ್ನು ನೋಡಿ ಹೇಳುವುದು ಪುಟ್ಟಿಯ ಕೆಲಸ. ಅಜ್ಜನಿಗೆ ರಸ್ತೆ ನೋಡಲು ಒಂದು ಕನ್ನಡಕ, ಮುಳ್ಳು ನೋಡಲು ಇನ್ನೊಂದು. ಪಾಪ, ಮೂಗು ಮಾತ್ರ ಒಂದೇ. ಮುಳ್ಳು ಸೊನ್ನೆಯಲ್ಲೇ ಇದ್ದರೆ ಒಳಗೆ ಆಯಿಲ್ ಓಡುತ್ತಿಲ್ಲ ಅಂತ ಅರ್ಥ. ಹಾಗೇ ಓಡಿಸಿದರೆ ಇಂಜಿನ್ ಒಣಗಿ, ಉಜ್ಜಿಕೊಂಡು, ಕೆಟ್ಟು ಕೂರುತ್ತದೆ.

ಶೆಡ್ಡಿನ ಬಾಗಿಲಲ್ಲಿ ಅಜ್ಜಿ ನಿಂತಿದ್ದರು, ಕೈಯಲ್ಲಿ ಕಾರು ಒರೆಸುವ ಬಟ್ಟೆ.

“ಮತ್ತೆ ಕೆಟ್ಟುಹೋಯ್ತಾ? ಸಾಕಪ್ಪಾ ಸಾಕು. ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಗುಜರಿಯವನಿಗೆ ಕೊಡೋದೇ. ದಿನಾ ಇದರ ಧೂಳು ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಗಿದೆ.”

ಪುಟ್ಟಿಗೆ ಅಳುವೇ ಬಂತು. ಗುಜರಿಯವನು ಹಳೇ ಕಾರುಗಳನ್ನು ಸುತ್ತಿಗೆಯಲ್ಲಿ ಚಚ್ಚುವುದನ್ನು ಅವಳು ನೋಡಿದ್ದಳು. ಗ್ಯಾರೇಜಿಗೆ ಓಡಿಹೋಗಿ, ಅಲ್ಲಿ ಮೆಕ್ಯಾನಿಕ್ ಆಗಿದ್ದ ಮಾಮನನ್ನು ಎಳೆದು ತಂದಳು.

ಮಾಮ ಇಂಜಿನ್ನಿಗೆ ಕಡ್ಡಿ ಅದ್ದಿ ನೋಡಿದ. ಆಯಿಲ್ ಬೇಕಾದಷ್ಟಿತ್ತು. ಇಂಜಿನ್ನಿನಿಂದ ಡ್ಯಾಶ್‌ಬೋರ್ಡಿನ ಮುಳ್ಳಿಗೆ ಹೋಗುವ ಸಣ್ಣ ತಾಮ್ರದ ಪೈಪನ್ನು ಬಿಚ್ಚಿ, ಆ ಜಾಗದಲ್ಲಿ ತನ್ನದೇ ಮೀಟರ್ ಕೂರಿಸಿದ. ಸ್ಟಾರ್ಟ್ ಮಾಡಿದ ಕೂಡಲೇ ಅದರ ಮುಳ್ಳು ಸರ್ರನೆ ಮೇಲೆದ್ದಿತು.

“ಅಪ್ಪಾ, ಇಂಜಿನ್ ಗುಂಡುಕಲ್ಲಿನ ಹಾಗಿದೆ. ಇದರ ಪ್ರೆಶರ್ ನಿನ್ನ ಪ್ರೆಶರಿಗಿಂತ ಚೆನ್ನಾಗಿದೆ. ಆ ಪೈಪಲ್ಲೇ ಏನೋ ಎಡವಟ್ಟು. ಪುಟ್ಟಿ, ಡ್ಯಾಶ್‌ಬೋರ್ಡ್ ಹಿಂದೆ ನನ್ನ ಕೈ ಹೋಗಲ್ಲ. ನೀನು ನೋಡು.”

“ಬೇಡ ಬೇಡ, ಅಲ್ಲಿ ಹಲ್ಲಿ ಇರುತ್ತೆ,” ಅಂದರು ಅಜ್ಜ.

ಪುಟ್ಟಿ ಆಗಲೇ ಕೈ ಹಾಕಿದ್ದಳು. ಹಲ್ಲಿ ಸಿಗಲಿಲ್ಲ, ಒಂದು ಡಬ್ಬಿ ಸಿಕ್ಕಿತು. ಅದು ಪೈಪನ್ನು ಒತ್ತಿ ಮಡಚಿಬಿಟ್ಟಿತ್ತು. ಅಲ್ಲಾಡಿಸಿದರೆ ಗಲಗಲ. ಟಾಫಿ! ಸಿಹಿ ಮುಟ್ಟಲೇಬೇಡಿ ಅಂತ ಡಾಕ್ಟರು ಅಜ್ಜನಿಗೆ ಹೇಳಿದ್ದರು. ಡಬ್ಬಿ ತೆಗೆದರೆ ಅಜ್ಜ ಸಿಕ್ಕಿಬೀಳುತ್ತಾರೆ, ಬಿಟ್ಟರೆ ಕಾರು ಹೋಗುತ್ತದೆ.

“ಏನೇ ಸಿಕ್ತು?” ಅಂದರು ಅಜ್ಜಿ.

“ಅದು... ನನ್ನ ಡಬ್ಬಿ,” ಅಂದಳು ಪುಟ್ಟಿ.

“ಅವಳದ್ದಲ್ಲ ಕಣೇ, ನಂದು.” ಅಜ್ಜ ಮುಖ ಹುಳ್ಳಗೆ ಮಾಡಿಕೊಂಡರು. “ಸೀಟಿನ ಕೆಳಗೆ ಇಟ್ಟಿದ್ದೆ. ಯಾವುದೋ ಇಲಿ ದಿನಾ ಖಾಲಿ ಮಾಡ್ತಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಇಲ್ಲಿ ತುರುಕಿದೆ.”

“ಡಬ್ಬಿ ಮುಚ್ಚಳ ತೆಗೆದು, ಮತ್ತೆ ಮುಚ್ಚಿಡೋ ಇಲಿನಾ?” ಅಂದ ಮಾಮ.

ಇನ್ನು ಅಜ್ಜನಿಗೆ ಮಂಗಳಾರತಿ ಖಂಡಿತ ಅಂತ ಪುಟ್ಟಿ ಕಣ್ಣು ಮುಚ್ಚಿಕೊಂಡಳು. ಆದರೆ ಅಜ್ಜಿ, “ಹೋಗ್ಲಿ ಬಿಡ್ರಿ, ಆಗಿದ್ದು ಆಯ್ತು,” ಅಂದು ಡಬ್ಬಿ ಇಸಕೊಂಡರು.

ಮಾಮ ಹೊಸ ಪೈಪ್ ಹಾಕಿದ. ಅಜ್ಜ ಸ್ಟಾರ್ಟ್ ಮಾಡಿದರು. ಅಜ್ಜಿ ಬಾನೆಟ್ ಒರೆಸಲು ಬಟ್ಟೆ ಕೊಡವಿದಾಗ ಅದರ ಮಡಿಕೆಯಿಂದ ಏನೋ ಜಾರಿ ಪುಟ್ಟಿಯ ಕಾಲ ಹತ್ತಿರ ಬಿತ್ತು. ಟಾಫಿ ಸುತ್ತಿದ ಬಣ್ಣದ ಕಾಗದ.

ದಿನಾ ಗೊಣಗುತ್ತಲೇ ಬರುವ ಅಜ್ಜಿಗೆ ಈ ಕಾರು ಒರೆಸಲು ಅಷ್ಟು ಹೊತ್ತು ಯಾಕೆ ಬೇಕು ಅಂತ ಪುಟ್ಟಿಗೆ ಈಗ ಗೊತ್ತಾಯಿತು. ಗುಜರಿಯವನು ಯಾವತ್ತೂ ಬರುವುದಿಲ್ಲ ಅಂತಲೂ ಗೊತ್ತಾಯಿತು. ಅವಳು ಮೆಲ್ಲಗೆ ಕಾಗದದ ಮೇಲೆ ಕಾಲಿಟ್ಟಳು.

“ಮುಳ್ಳು ಎಲ್ಲಿದೆ ಪುಟ್ಟಿ?” ಅಜ್ಜ ಕೇಳಿದರು.

ಪುಟ್ಟಿ ಕಾಲು ಕದಲಿಸದೆ ಕಿಟಕಿಯಲ್ಲಿ ಬಗ್ಗಿ ನೋಡಿದಳು.

“ಮೇಲಿದೆ ಅಜ್ಜ. ಎಲ್ಲಾ ಸರಿಯಾಗಿದೆ.”