ಕ್ಯಾಪ್ಟನ್ ಹಾರ್ಲೋನ ಕಾಗದಗಳು

ಪೆಟ್ಟಿಗೆಯ ಬೀಗ ಮುರಿದಿತ್ತು. ಒಳಗೆ ಪದಕವಿತ್ತು, ಚಿನ್ನದ ಗಡಿಯಾರವಿತ್ತು. ಕ್ಯಾಪ್ಟನ್ ಲೆಮುಯಲ್ ಹಾರ್ಲೋ ಗಡಿಯ ಕೋಟೆಯಿಂದ ಏಳು ವರ್ಷ ಮನೆಗೆ ಬರೆದ ಕಾಗದಗಳು ಮಾತ್ರ ಇರಲಿಲ್ಲ!

"ನಿನ್ನೆ ಸಂಜೆ ಇದ್ವು," ಎಂದಳು ಅವನ ಅಕ್ಕ ಡಾರ್ಕಸ್.

ಬೇಸಿಗೆಯಲ್ಲಿ ಪಶ್ಚಿಮದ ಬಯಲಿನಲ್ಲಿ ಗುಂಡೇಟಿಗೆ ಸತ್ತಿದ್ದ ಕ್ಯಾಪ್ಟನ್ನನ ನೆನಪಿಗೆ ಭಾನುವಾರ ಆ ವರ್ಮಾಂಟ್ ಹಳ್ಳಿಯವರೆಲ್ಲ ಸಭಾಭವನದಲ್ಲಿ ಸೇರುವವರಿದ್ದರು. ಪತ್ರಿಕೆಯ ಸಂಪಾದಕ ಅಲ್ಲಿ ಕಾಗದಗಳನ್ನು ಓದುವವನಿದ್ದ. ಅವನು ಅವನ್ನು ಒಯ್ಯಲು ಬಂದಾಗ ಕಳವು ಬೆಳಕಿಗೆ ಬಂತು.

ಊರು ಬೆರಳು ತೋರಿಸಿದ್ದು ಅಬ್ನರ್ ಪೈಕ್ ಕಡೆಗೆ. ಕ್ಯಾಪ್ಟನ್ನನ ತುಕಡಿಯಿಂದ ತಲೆತಪ್ಪಿಸಿಕೊಂಡು ಬಂದ ಸಿಪಾಯಿ. ತನ್ನ ಬಗ್ಗೆ ಏನು ಬರೆದಿದೆಯೋ ಎಂಬ ಭಯ ಅವನಿಗಲ್ಲದೆ ಇನ್ನಾರಿಗೆ?

ಕಾನ್‌ಸ್ಟೇಬಲ್ ಆರಿನ್ ಸ್ಪ್ರೇಗ್ ಅವನ ಗುಡಿಸಲಿಗೆ ಹೋದ.

"ಕದ್ದೆಯಾ, ಅಬ್ನರ್?"

"ನಾನು ಓಡಿಬಂದವನು ಅಂತ ನಾಯಿಮರಿಗೂ ಗೊತ್ತು. ಇನ್ನು ಮುಚ್ಚಿಡೋಕೆ ಏನಿದೆ, ಸ್ಪ್ರೇಗ್ ಅವ್ರೇ?"

"ಕಾಗದ ಸಿಗದಿದ್ರೆ ಗುಡಿಸಲಿಗೆ ಬೆಂಕಿ ಹಚ್ತೀವಿ ಅಂತಿದಾರೆ."

"ಹಚ್ಚಲಿ ಬಿಡಿ. ಒಂದಿನ ಚಳಿನಾದ್ರೂ ಕಾಯಿಸ್ಕೋತೀನಿ."

ನಗಲು ಹೋದ. ನಗು ಬರಲಿಲ್ಲ.

ಸ್ಪ್ರೇಗ್ ಹಾರ್ಲೋ ಮನೆಗೆ ಮರಳಿದ. ಕ್ಯಾಪ್ಟನ್ನನ ತಂದೆ, ಕುರುಡ ಗಿಡಿಯನ್, ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬೆಂಕಿಗೂಡಿನ ಮುಂದೆ ಕೂತಿದ್ದ.

"ಕಾಗದದಲ್ಲಿ ಅಬ್ನರ್ ವಿಚಾರ ಇತ್ತಾ, ತಾತ?"

"ಯಾವ ಅಬ್ನರ್? ಬರೀ ನನ್ನ ವಿಚಾರಾನೇ ಕಣಪ್ಪ!" ಮುದುಕನ ಮುಖ ಅರಳಿತು. "ಸೈನ್ಯ ಸೇರ್ತೀನಿ ಅಂದಾಗ ಮತ್ತೆ ನನ್ನ ಹೊಸಿಲು ತುಳೀಬೇಡ ಅಂದುಬಿಟ್ಟಿದ್ದೆ. ಆದ್ರೂ ಮನಸ್ಸಲ್ಲಿ ಇಟ್ಕೊಳ್ಳಲಿಲ್ಲ ನನ್ನ ಮಗ. ಡಾರ್ಕಸ್ ಓದಿದ್ದೆಲ್ಲ ನಂಗೆ ಬಾಯಿಪಾಠ. ಕೊನೇ ಕಾಗದದಲ್ಲಿ ಏನು ಬರೆದಿದ್ದ ಗೊತ್ತಾ? 'ಅಪ್ಪ, ಮುರಿದ ಕಾಲು ಹೇಗಿದೆ? ಹಿಮದಲ್ಲಿ ಹೊರಗೆ ಹೋಗಬೇಡ.'"

ಸ್ಪ್ರೇಗ್ ಮುದುಕನ ಕಾಲಿನ ಪಟ್ಟಿಯನ್ನೇ ನೋಡಿದ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿದ.

"ಬೀಗ ಮುರಿದವಳು ನೀನೇ, ಡಾರ್ಕಸ್."

"ಏನು ಮಾತು ಇದು?"

"ನಿಮ್ಮಪ್ಪ ಅಟ್ಟದ ಮೆಟ್ಟಿಲಿಂದ ಬಿದ್ದದ್ದು ಸೇಬು ಕೀಳೋ ಕಾಲದಲ್ಲಿ. ಎತ್ತಿ ಮಲಗಿಸಿದವನೇ ನಾನು. ಲೆಮುಯಲ್ ಸತ್ತದ್ದು ಅದಕ್ಕೂ ಮುಂಚೆ, ಬೇಸಿಗೇಲಿ. ಕಾಗದ, ಸಾವಿನ ಸುದ್ದಿ ಎರಡೂ ನಮಗೆ ತಡವಾಗಿ ಮುಟ್ಟಿದ್ವು, ಅಷ್ಟೆ. ಸತ್ತವನಿಗೆ ಕಾಲು ಮುರಿದದ್ದು ಹೇಗೆ ಗೊತ್ತಾಗುತ್ತೆ? ಆ ಸಾಲನ್ನ ನೀನೇ ಸೇರಿಸಿ ಓದಿದ್ದು. ಅದೊಂದೇನಾ—"

"ಎಲ್ಲಾನೂ." ಡಾರ್ಕಸ್ ಮೇಜು ಹಿಡಿದುಕೊಂಡು ಕೂತಳು. "ಏಳು ವರ್ಷದಲ್ಲಿ ಒಂದು ಸಲಾನೂ 'ಅಪ್ಪ' ಅಂತ ಬರೀಲಿಲ್ಲ ಅವನು. ಸಂಪಾದಕರು ಇದ್ದದ್ದನ್ನ ಇದ್ದ ಹಾಗೇ ಓದೋರು. ಎದುರಿಗೇ ಅಪ್ಪ ಕೂತಿರೋರು."

"ಕಾಗದಗಳು?"

ಅವಳು ಒಲೆಯ ಕಡೆ ನೋಡಿದಳು. "ಒಂದನ್ನಾದ್ರೂ ಉಳಿಸ್ಕೊಳ್ಳೋಣ ಅಂತಿದ್ದೆ. ಅವನ ಕೈಬರಹ... ಧೈರ್ಯ ಆಗ್ಲಿಲ್ಲ."

"ಮತ್ತೆ ಅಬ್ನರ್?"

ಅವಳು ಎದ್ದು ಒಲೆಯ ಬೂದಿ ಕೆದಕತೊಡಗಿದಳು.

ಉತ್ತರ ಕೊಟ್ಟದ್ದು ಭಾನುವಾರ, ತುಂಬಿದ ಸಭೆಯಲ್ಲಿ ಎದ್ದು ನಿಂತು. "ಅಬ್ನರ್ ಕದ್ದಿಲ್ಲ. ಕಾಗದ ಸುಟ್ಟವಳು ನಾನು."

"ಯಾಕೆ?" ಜನ ಕೂಗಿದರು. "ಯಾಕಮ್ಮಾ?"

ಸ್ಪ್ರೇಗ್ ಬಾಯಿ ತೆರೆದ. ಡಾರ್ಕಸ್ ಬೇಡವೆಂದು ತಲೆಯಾಡಿಸಿ ಕೂತುಬಿಟ್ಟಳು.

"ನನ್ನ ಮಗನ ಮಾತನ್ನ ಸುಟ್ಟೆಯಲ್ಲೇ!" ಗಿಡಿಯನ್ ಮಗಳ ದನಿ ಬಂದ ಕಡೆ ತಿರುಗಿದ. "ಅವನ ಮೇಲೆ ಅಷ್ಟು ಹೊಟ್ಟೆಕಿಚ್ಚಾ ನಿಂಗೆ?"

ಬಂಡಿ ಹತ್ತುವಾಗ ಮುದುಕ ಮಗಳ ಕೈ ಹಿಡಿಯಲಿಲ್ಲ. ಸ್ಪ್ರೇಗನ ತೋಳಿಗೆ ತಡಕಾಡಿದ. ಮರೆತುಹೋದಾವು ಎಂಬ ದಿಗಿಲಿನಿಂದ ದಾರಿಯುದ್ದಕ್ಕೂ ಮಗನ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿಕೊಂಡ. ಎದುರಿಗೆ ಕೂತ ಡಾರ್ಕಸ್ ತಾನೇ ಹೆಣೆದ ಆ ಮಾತುಗಳನ್ನು ತಲೆ ತಗ್ಗಿಸಿ ಕೇಳಿದಳು. ಒಂದು ಕಡೆ ಮುದುಕ ತಡವರಿಸಿ ನಿಂತ. ಮುಂದಿನ ಪದ ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.