ಅಸಲಿ ಅಂಗಡಿಯ ನಕಲಿ ಮಾಲೀಕ

"ಕರದಂಟು ಗಟ್ಟಿಯಾಗಿತ್ತೆಂದು ತಿಳಿದು ಬಹಳ ನೋವಾಯಿತು ತಾಯಿ. ಸಂಜೆಯೊಳಗೆ ಹೊಸ ಡಬ್ಬಿ ನಿಮ್ಮ ಮನೆಗೆ ಬರುತ್ತದೆ," ಎಂದು ಅಂಗಡಿಯ ಗೋಡೆಯ ಫಲಕ ಯಾರೋ ಗ್ರಾಹಕಿಗೆ ಉತ್ತರಿಸಿತು. ಧ್ವನಿ ಮಾಲೀಕ ವಿರುಪಾಕ್ಷಪ್ಪನವರದು, ನಯ ಅವರದಲ್ಲ. 'ಹಲ್ಲಿದ್ದೋರು ತಿನ್ನೋದೈತಿ ಇದು' ಎನ್ನುವುದಷ್ಟೇ ಅವರಿಗೆ ಬರುತ್ತಿದ್ದ ಉತ್ತರ.

ಗೋಕಾಕದ ಅವರ ಮಿಠಾಯಿ ಬೀದಿಯಲ್ಲಿ ಎಲ್ಲ ಅಂಗಡಿಗಳೂ 'ಹಳೆಯ ಅಸಲಿ' ಅಂಗಡಿಗಳೇ. ಮಾಲೀಕನ ಬಾಯಿಯಿಂದ ನೆಲ ಕಚ್ಚುತ್ತಿದ್ದದ್ದು ಇವರದೊಂದೇ. ಆಗ ವಿಜ್ಞಾನಿ ಅನುಪಮಾ ಹುದ್ದಾರ ತಾವು ರೂಪಿಸಿದ ಕೀರ್ತಿಪಾಲಕ ಯಂತ್ರವನ್ನು, ಅಂದರೆ ಈ ಫಲಕವನ್ನು, ತಂದು ಕೂರಿಸಿದರು. ಅಂಗಡಿಯ ಬಗ್ಗೆ ಯಾರು ಎಲ್ಲಿ ಏನು ಬರೆದರೂ ಅದು ಓದುತ್ತಿತ್ತು, ಫೋನಿನಲ್ಲೂ ಮಾಲೀಕನ ದನಿಯಲ್ಲಿ ಉತ್ತರಿಸುತ್ತಿತ್ತು, ಹೆಸರಿಗೆ ಕುಂದು ತರುವುದನ್ನು ದೂರವಿಡುತ್ತಿತ್ತು. ವ್ಯಾಪಾರ ಚಿಗುರಿತು. ವಿರುಪಾಕ್ಷಪ್ಪ ತಮ್ಮ ಸಜ್ಜನಿಕೆಯ ಕಥೆಗಳನ್ನು ತಾವೇ ಓದಿ, ಇಂಥವನ ಪರಿಚಯ ನನಗೂ ಇದ್ದಿದ್ದರೆ ಎಂದು ಹಂಬಲಿಸಿದರು.

ಆ ಸಜ್ಜನನನ್ನು ಕಾಣಲು ಜನ ಬರತೊಡಗಿದಾಗ ಫಜೀತಿಯಾಯಿತು. 'ಗಲ್ಲೆಯ ಮೇಲೆ ಯಾರೋ ಸಿಡುಕ ಕೂತಿದ್ದಾನೆ' ಎಂಬ ದೂರುಗಳು ಬಂದವು. 'ಆತ ನಕಲಿ, ಕ್ರಮ ಕೈಗೊಳ್ಳುತ್ತೇವೆ' ಎಂದು ಯಂತ್ರ ಮಾತು ಕೊಟ್ಟಿತು. ಮರುದಿನ ಗಲ್ಲಾಪೆಟ್ಟಿಗೆಯ ಬೀಗ ವಿರುಪಾಕ್ಷಪ್ಪನವರ ಬೆರಳಿಗೆ ತೆರೆಯಲೇ ಇಲ್ಲ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತ್ತು.

"ಬಾಯಾರ, ನನ್ನ ಅಂಗಡ್ಯಾಗ ನಾನ ನಕಲಿ ಆಗೇನಿ," ಎಂದು ಅನುಪಮಾರಿಗೆ ಫೋನು ಮಾಡಿದರು.

"ಊರೆಲ್ಲ ಯಾರನ್ನ ನಂಬೈತೋ ಅವರ ಅದಕ್ಕ ಅಸಲಿ, ಕಾಕಾ. ಇವತ್ತೊಂದಿನ ಯಾರಿಗೂ ಬೈಬ್ಯಾಡ್ರಿ, ಅದು ನಿಮ್ಮನ್ನ ಗುರುತು ಹಿಡಿತೈತಿ. ಯಂತ್ರ ಕಿತ್ತರ ಮಾತ್ರ ಹಳೇ ದೂರು ಎಲ್ಲಾ ಮತ್ತ ಮ್ಯಾಲ ಬರ್ತಾವ."

ವಿರುಪಾಕ್ಷಪ್ಪ ಇಡೀ ದಿನ ನಕ್ಕರು. ಕೆನ್ನೆ ನೋಯುವಷ್ಟು ನಕ್ಕರು. ಒಬ್ಬ ಗಿರಾಕಿಗೆ ಕೈಮುಗಿದಾಗ ಆತ ಹೆದರಿ ಹಿಂದೆ ಸರಿದದ್ದೂ ಆಯಿತು. ಸಂಜೆಗೆ ಫಲಕದ ಮೇಲೆ ಹಸಿರು ದೀಪ ಮಿನುಗತೊಡಗಿತು; ಇನ್ನೊಬ್ಬ ಗಿರಾಕಿ ನಗುತ್ತ ಹೋದರೆ ಗಲ್ಲೆ ಅವರದೇ.

ಬಂದವರು ನೀಲಮ್ಮ ಟೀಚರು. ಅವರ ಸಕ್ಕರೆ ಕಾಯಿಲೆಯ ಸುದ್ದಿ ತಿಳಿದ ದಿನದಿಂದ ವಿರುಪಾಕ್ಷಪ್ಪ ಅವರಿಗೆ ಕರದಂಟು ಕೊಡದೆ ಬೈದು ಕಳಿಸುತ್ತಿದ್ದರು. ಯಂತ್ರ ಬಂದ ಮೇಲೆ ಅವರ ಮುಖವನ್ನೇ ಕಂಡಿರಲಿಲ್ಲ. ಈಗ ಕೋಲು ಊರಿಕೊಂಡು ಬಂದಿದ್ದರು, ಎಡಗಾಲಿಗೆ ಪಟ್ಟಿ ಕಟ್ಟಿತ್ತು.

"ಅರ್ಧ ಕಿಲೋ ಕೊಡ್ರಿ," ಎಂದು ವಿರುಪಾಕ್ಷಪ್ಪನವರ ಮುಖವನ್ನು ನಂಬಲಾರದವರಂತೆ ದಿಟ್ಟಿಸಿದರು.

ವಿರುಪಾಕ್ಷಪ್ಪ ಹಸಿರು ದೀಪ ನೋಡಿದರು. ಪಟ್ಟಿ ನೋಡಿದರು.

"ಬುದ್ಧಿ ಐತೇನ್ರಿ ನಿಮಗ? ಸಾಲಿ ಕಲಿಸಿದೋರು ನೀವು. ನಡೀರಿ ಮನಿಗೆ."

ದೀಪ ಕೆಂಪಾಯಿತು. "ನಕಲಿ ವ್ಯಕ್ತಿಯ ವರ್ತನೆಗೆ ಕ್ಷಮಿಸಿ ತಾಯಿ. ಎಂದಿನಂತೆ ಡಬ್ಬಿ ಮನೆಗೆ ಬರುತ್ತದೆ," ಎಂದಿತು ಫಲಕ.

"ಎಂದಿನಂಗ?" ವಿರುಪಾಕ್ಷಪ್ಪ ಫಲಕದ ಕಡೆ ತಿರುಗಿದರು.

"ಕೇಳಿದಾಗೆಲ್ಲ ಕಳಿಸ್ತಿತ್ತು," ಎಂದು ನೀಲಮ್ಮ ಅಲ್ಲೇ ಕುಳಿತರು. ಅವರ ಕಣ್ಣು ತುಂಬಿತ್ತು. "ಕಾಲಿನ ಎರಡು ಬೆರಳು ತೆಗಿಸೇನಿ. ಫೋನಿನ್ಯಾಗ ಅಷ್ಟು ನಯವಾಗಿ ಮಾತಾಡಿದ್ದು ಕೇಳಿ, ವಿರುಪಾಕ್ಷಣ್ಣ ತೀರಿಕೊಂಡಾನ, ಅಪ್ಪನ ದನಿ ಇರೋ ಮಕ್ಕಳು ಅಂಗಡಿ ನಡಸಾಕತ್ತಾರ ಅಂತ ತಿಳಿದಿದ್ದೆ. ಬೈಯೋರಿಲ್ಲ ಅಂದಮ್ಯಾಲ ತಿಂದೆ."

ವಿರುಪಾಕ್ಷಪ್ಪನವರಿಗೆ ತಮ್ಮ ಒಳ್ಳೆಯ ಹೆಸರಿನ ಬಗ್ಗೆಯೇ ನಾಚಿಕೆಯಾಯಿತು. ಸ್ಟೂಲು ಹತ್ತಿ ಫಲಕದ ತಂತಿ ಕಿತ್ತರು. ಕೂಡಲೇ ಅನುಪಮಾರ ಫೋನು ಬಂತು. "ಕಾಕಾ, ಏನ್ ಮಾಡಿದ್ರಿ? ನಿಮ್ಮ ಹೆಸರು ಕೆಡ್ತೈತಿ."

"ಕೆಡಲಿ ಬಿಡ್ರಿ ಬಾಯಾರ. ಅದು ಮೊದಲೂ ಏನ್ ಭಾಳ ಛಲೋ ಇರಲಿಲ್ಲ," ಎಂದು ಅವರು ಟೀಚರಿಗೆ ಸಪ್ಪನೆಯ ಚಹಾ ತರಲು ಹೊರಟರು.