ಗಾಳಿ ಹಿಡಿದ ದೋಣಿ

ಲೇ, ಮುದುಕನಿಗೆ ಮರೆವು ಅಂತ ನಗಬೇಡ್ರೋ. ನಿನ್ನೆ ಉಂಡಿದ್ದು ಮರೀತೀನಿ, ಇದನ್ನ ಮರೆಯಲ್ಲ.

ನಲವತ್ತೊಂದನೇ ಇಸವಿ. ನಮ್ಮ ಮಾವ ಗಂಗುಲಪ್ಪ ಮುಳಬಾಗಿಲಲ್ಲಿ ಮೋಟಾರ್ ಮೆಕ್ಯಾನಿಕ್ಕು. ಒಬ್ಬ ದೊರೆ, ಕೆರೇಲಿ ಓಡಿಸೋ ತನ್ನ ಮೋಟಾರ್ ದೋಣಿಗೆ ಇನ್ನೂ ಸ್ಪೀಡು ಬೇಕು ಅಂದ. ಇಂಜಿನ್ನಿಗೆ ಗಾಳಿ ತುರುಕೋ ಸೂಪರ್‌ಚಾರ್ಜರ್ ಕೂರಿಸಿದ ಮಾವ, ಮಟಮಟ ಮಧ್ಯಾಹ್ನ ದೋಣೀಲಿ ನಿಂತು ಕೂಗಿದ: "ಇವತ್ತು ಇದಕ್ಕೆ ಗಾಳಿ ಹಿಡಿಸ್ತೀನಿ ಕಣೇ!"

ದಡದಲ್ಲಿ ಬಟ್ಟೆ ಒಗೀತಿದ್ದ ಅತ್ತೆ ಮುತ್ಯಾಲಮ್ಮ, "ಕೆರೆ ಮೇಲೆ ನಿಂತು ದೆವ್ವ ಕರೀತೀಯೇನಯ್ಯಾ? ಬಾಯಿ ಮುಚ್ಚು!" ಅಂದ್ಲು.

ದೋಣಿ ಬಾಣದಂಗೆ ಹೋಯ್ತು. ಅಂಥ ಬಿಸಿಲಲ್ಲೂ ಓಡೋ ಇಂಜಿನ್ನು ಮಡಕೆ ನೀರಿನಂಗೆ ತಣ್ಣಗಿತ್ತು. ಗಾಳಿ ಎಳೆಯೋ ಬಾಯಲ್ಲಿ ಯಾರೋ ಏದುಸಿರು ಬಿಡೋ ಸದ್ದು. ಮಾವ ಪೆಟ್ರೋಲ್ ಬಂದ್ ಮಾಡಿದ, ದೋಣಿ ನಿಲ್ಲಲಿಲ್ಲ. ಎದುರಿಗೆ ಕಲ್ಲುಕಟ್ಟೆ.

"ತಪ್ಪಾಯ್ತು ತಾಯಿ, ನಾನಂದಿದ್ದು ಬರೀ ಉಸಿರಾಡೋ ಗಾಳಿ ಕಣಮ್ಮಾ!" ಅಂತ ಅರಚಿದ.

ಕಟ್ಟೆಗೆ ಮಾರು ದೂರದಲ್ಲಿ ದೋಣಿ ತಾನೇ ನಿಂತ್ಹೋಯ್ತು. ಅಬ್ಬಾ! ಮಾವ ನೀರಿಗೆ ಹಾರಿ, ಈಜಿ ದಡ ಸೇರಿ, ನಗ್ತಾ ಅತ್ತೆ ಕೈ ಹಿಡ್ಕೊಂಡ.

ಅತ್ತೆ ನಗಲಿಲ್ಲ. ಒಗೆಯೋ ಕಲ್ಲು ತೋರಿಸಿದ್ಲು. ಸೂಪರ್‌ಚಾರ್ಜರ್ ತಿರುಗಿಸೋ ಬೆಲ್ಟು ಅಲ್ಲೇ ಬಿದ್ದಿತ್ತು. ಮಾವ ಅದನ್ನ ಹಾಕೋದೇ ಮರ್ತಿದ್ದ.

ನಿಮ್ಮೋರಿಗೂ ಇದನ್ನ ಕೇಳಿಸ್ರಪ್ಪ, ಮೊದಲು ಮೆಕ್ಯಾನಿಕ್‌ಗಳಿಗೆ.